ಜೇನುಬಣ್ಣದ ಹಾಲೆ

ಸೂಜಿಯ ಕಣ್ಣನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅವನಿಗೆ ಮತ್ತೆ ಆ ಗುಳ್ಳೆಯೇ ಕಂಡಿತು. ದಾರದ ತುದಿಯನ್ನು ನಾಲಗೆಯಲ್ಲಿ ಒದ್ದೆ ಮಾಡಿ, ಬೆರಳಲ್ಲಿ ಹೊಸೆದು ಚೂಪಾಗಿಸಿ, ಉಸಿರು ಬಿಗಿಹಿಡಿದು ಒಳಗೆ ತೂರಿಸಿದ. ದಾರ ಆಚೆ ಬಂದರೂ ಗುಳ್ಳೆ ಹೋಗಲಿಲ್ಲ. ನಿನ್ನೆ ಸಂಜೆ ಮ್ಯೂಸಿಯಮ್ಮಿನಲ್ಲಿ, ಶಿಷ್ಯೆಯ ಕಂಪ್ಯೂಟರಿನ ಪರದೆಯ ಮೇಲೆ ಬೆಕ್ಕಿನಷ್ಟು ದೊಡ್ಡದಾಗಿ ನಿಂತಿದ್ದ ಇರುವೆಯ ಸಣ್ಣ ನಡುವಿನ ಕೆಳಗೆ, ಕಿವಿಯ ಹಾಲೆಯಂಥ ಜೇನುಬಣ್ಣದ ಉಬ್ಬಿನೊಳಗೆ, ಅದು ಮುತ್ತಿನಂತೆ ಹೊಳೆಯುತ್ತಿತ್ತು: ದುಂಡಗೆ, ನಿರಾಳವಾಗಿ, ತಾನು ಇಲ್ಲಿರಬಾರದೆಂಬ ಅಳುಕು ಒಂದಿಷ್ಟೂ ಇಲ್ಲದೆ. ಜೀವಿಯ ಅಂಗದೊಳಗೆ ಗಾಳಿಯ ಗುಳ್ಳೆ ಹಾಗೆ ಸಿಕ್ಕಿಕೊಳ್ಳುವುದಿಲ್ಲ. ಒಣಗಿದ ಗೋಂದಿನೊಳಗೆ ಸಿಕ್ಕಿಕೊಳ್ಳುತ್ತದೆ.

"ಗಂಟು ಸಣ್ಣದಿರ್ಲಿ," ಎಂದಳು ಅಕ್ಕ, ಹೊಲಿಗೆಯಂತ್ರದ ಮುಂದಿನಿಂದ ಇತ್ತ ತಿರುಗದೆಯೇ. "ನಿನ್ನ ಗಂಟು ಬಟ್ಟೆಗಿಂತ ದಪ್ಪ ಇರುತ್ತೆ."

"ಬಿಚ್ಚಿಹೋಗ್ಬಾರ್ದಲ್ಲ."

"ನಾನು ಹೊಲಿದದ್ದು ಯಾವುದು ಬಿಚ್ಚಿಹೋಗಿದೆ ಹೇಳು? ಎಲ್ಲದಕ್ಕೂ ನಿಂದು ಒಂದು ಕೈ ಜಾಸ್ತಿ, ಮರಿ. ಸಾರಿಗೆ ಉಪ್ಪೂ ಜಾಸ್ತಿ, ದಾರಕ್ಕೆ ಗಂಟೂ ಜಾಸ್ತಿ."

ತಲೆ ಪೂರ್ತಿ ನೆರೆತ ಮೇಲೂ ಅವನನ್ನು ಮರಿಯೆಂದು ಕರೆಯಲು ಈ ಲೋಕದಲ್ಲಿ ಒಬ್ಬಳು ಉಳಿದಿದ್ದಳು. ಅವಳ ಎರಡೂ ಕಣ್ಣುಗಳ ನಡುಭಾಗ ಮಸುಕಾಗಿ ಅಂಚುಗಳು ಮಾತ್ರ ಉಳಿದಿದ್ದವು. ಎದುರು ನಿಂತವರ ಮುಖ ಅವಳಿಗೆ ಕಾಣದು, ಕಿವಿಗಳು ಕಾಣುತ್ತವೆ. ತಟ್ಟೆ ಕಾಣುತ್ತದೆ, ತಟ್ಟೆಯೊಳಗಿನದು ಕಾಣದು. ವೈದ್ಯರು ಇದನ್ನು ಸುತ್ತುಬಳಸಿ ಹೇಳಿದಾಗ ಅಕ್ಕ, "ದರ್ಜಿಗೆ ಬೇಕಾದ್ದೇ ಅಂಚು, ನಡುವೆ ಏನಿದ್ರೂ ಬರೀ ಬಟ್ಟೆ," ಎಂದು ಅವರನ್ನೇ ಸಮಾಧಾನಪಡಿಸಿ ಬಂದಿದ್ದಳು. ಅಂದಿನಿಂದ ದೊಡ್ಡ ಹೊಲಿಗೆಗಳನ್ನು ಬಿಟ್ಟು ಅಕ್ಕಪಕ್ಕದವರ ಅಂಚು ಮಡಿಸುವ ಕೆಲಸವನ್ನಷ್ಟೇ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಹೊರಡುವ ಮುನ್ನ ಅವನು ದಿನಕ್ಕಾಗುವಷ್ಟು ಸೂಜಿಗಳಿಗೆ ದಾರ ಪೋಣಿಸಿ ಹತ್ತಿಯ ದಿಂಬಿಗೆ ಚುಚ್ಚಿಡುತ್ತಿದ್ದ. ಬದುಕಿಡೀ ಮ್ಯೂಸಿಯಮ್ಮಿನಲ್ಲಿ ಇರುವೆಗಳನ್ನು ಸೂಜಿಯ ಮೇಲೆ ನಿಲ್ಲಿಸಿದ ಕೈ ಇನ್ನೂ ನಡುಗುತ್ತಿರಲಿಲ್ಲ.

"ಇವತ್ತೂ ಹೋಗ್ತೀಯಾ?"

"ಹೋಗ್ಬೇಕು. ನಮ್ಮ ಮ್ಯೂಸಿಯಮ್ ಹುಡುಗಿ ಇರುವೆ ಪುಸ್ತಕ ಅಚ್ಚಿಗೆ ಕೊಡೋ ಮೊದ್ಲು ಒಂದ್ಸಲ ನೋಡಿ ಅಂದಿದ್ದಾಳೆ."

"ಸರಿ. ಆ ಇರುವೆ ಕಡೆಯವ್ರು ಯಾರಾದ್ರೂ ಸಿಕ್ರೆ ನಂಗೂ ಹೇಳು."

ಇದು ಅವರ ನಡುವಿನ ಹಳೆಯ ಮಾತು. ಬೇರೆ ಮನೆಗಳಲ್ಲಿ ಬೇಗ ಬಾ ಎನ್ನುವಂತೆ ಈ ಮನೆಯಲ್ಲಿ ಇದನ್ನು ಹೇಳುತ್ತಿದ್ದರು. ಅವನು ಎಂದಿನಂತೆ ಹೂಂ ಎನ್ನಬೇಕಾಗಿತ್ತು. ಇಂದು ಕೆಮ್ಮಿದಂತೆ ಮಾಡಿ, ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದ.

ಬೀದಿಯಲ್ಲಿ ಚರಂಡಿಯ ಕೆಲಸ ನಡೆದಿತ್ತು. ಅಗೆದ ಮಣ್ಣಿನ ಹಸಿ ವಾಸನೆ ಮೂಗಿಗೆ ತಾಗಿದೊಡನೆ ಅವನು ನಿಂತ. ಬಹಳ ವರ್ಷಗಳ ಹಿಂದೆ, ಆ ಇರುವೆ ಸಿಕ್ಕ ದಿನವೂ ಹೀಗೆಯೇ ಮನೆಯ ಹಿಂದೆ ಚರಂಡಿ ಅಗೆದಿದ್ದರು. ಅಕ್ಕ ಆಸ್ಪತ್ರೆಯೊಂದಕ್ಕೆ ಬಿಳಿಯ ಹೊದಿಕೆಗಳ ಅಂಚು ಹೊಲಿಯುತ್ತಿದ್ದಳು. ಬಟ್ಟೆಯ ಮಡಿಕೆಯ ಗುಂಟ ಒಂದು ಹಳದಿ ಚುಕ್ಕೆ ತಡವರಿಸುತ್ತ ನಡೆದು ಬಂತು. ಬೇರೆ ಯಾರೇ ಆಗಿದ್ದರೂ ಊದಿ ಹಾರಿಸುತ್ತಿದ್ದರು. ಅಕ್ಕ ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ್ದ ಅಂಗುಸ್ತಾನವನ್ನು ತೆಗೆದು ಅದರ ಮೇಲೆ ಬೋರಲು ಹಾಕಿ, ಒಳಗಿನ ಕೋಣೆಯಲ್ಲಿ ಕೀಟಶಾಸ್ತ್ರದ ಪರೀಕ್ಷೆಗೆ ಓದುತ್ತಿದ್ದ ತಮ್ಮನನ್ನು ಕರೆದಳು. "ಬಾ ಇಲ್ಲಿ, ನಿಮ್ಮೋರು ಬಂದಿದ್ದಾರೆ. ಪಾಪ, ಕಣ್ಣು ಕಾಣಲ್ವೋ ಏನೋ, ಗೋಡೆ ತಡವ್ಕೊಂಡು ಬರ್ತಾ ಇದೆ." ಅವಳ ಮಾತು ನಿಜವೇ ಆಗಿತ್ತು. ಮಣ್ಣಿನಡಿಯ ಕತ್ತಲಲ್ಲಿ ಬಾಳುವ ಆ ಕುಲದ ಇರುವೆಗಳಿಗೆ ಕಣ್ಣೆಂದರೆ ಕೆನ್ನೆಯ ಮೇಲಿನ ಒಂದು ಮಸುಕು ಕಲೆ ಅಷ್ಟೆ. ಬಣ್ಣ ಹಣ್ಣಾದ ನಿಂಬೆಯದು. ತಲೆ ಉದ್ದನೆಯದು, ಅದರ ಮೇಲೆ ಹೆಬ್ಬೆರಳ ಗುರುತಿನಂತೆ ಒತ್ತೊತ್ತಾಗಿ ಸಾಗುವ ಗೆರೆಗಳು. ತ್ರಿಕೋನದ ದವಡೆಗಳಲ್ಲಿ ತುದಿಯಿಂದ ಬುಡಕ್ಕೆ ಕಿರಿದಾಗುತ್ತ ಹೋಗುವ ಆರು ಹಲ್ಲುಗಳು. ಮೀಸೆಯ ತುದಿಯಲ್ಲಿ ಗದೆಯಂಥ ಉಬ್ಬು. ಎದೆಗೂ ಹೊಟ್ಟೆಗೂ ನಡುವೆ, ನೆಟ್ಟಗೆ ನಿಂತ ಮೀನಿನ ಹುರುಪೆಯಂತಿರುವ ಒಂದೇ ಗೆಣ್ಣಿನ ನಡು. ಈ ವರ್ಣನೆಯನ್ನು ಅವನು ಪರಭಾಷೆಯಲ್ಲಿ ಬರೆದು, ಅಕ್ಕನಿಗೆ ಮಾತ್ರ ಕನ್ನಡದಲ್ಲಿ ಓದಿ ಹೇಳಿದ್ದ. ಅವಳು ಕತ್ತಿನ ಸುತ್ತ ಅಳತೆಪಟ್ಟಿ ಹಾಕಿಕೊಂಡೇ ಕೇಳಿ, "ತಲೆ ಅಳತೆ ಆಯ್ತು, ಎದೆ ಆಯ್ತು, ಸೊಂಟಾನೂ ಆಯ್ತು. ಇನ್ನೇನು, ಒಂದು ರವಿಕೆ ಹೊಲಿದು ಕೊಡ್ಲಾ?" ಎಂದಿದ್ದಳು.

ಈ ಎಲ್ಲ ಲಕ್ಷಣಗಳೂ ಬಹಳ ಹಿಂದೆಯೇ ಹೆಸರು ಪಡೆದ ಇನ್ನೊಂದು ಪ್ರಭೇದಕ್ಕೂ ಇದ್ದವು. ಅಕ್ಕನ ಇರುವೆಯನ್ನು ಬೇರೆಯಾಗಿ ನಿಲ್ಲಿಸಿದ್ದು ಒಂದೇ ಒಂದು: ನಡುವಿನ ಕೆಳಗೆ ಕಿವಿಯ ಹಾಲೆಯಂತೆ ಇಳಿಬಿದ್ದ, ಬೆಳಕು ಹಾಯುವ, ಜೇನುಬಣ್ಣದ ಉಬ್ಬು. ಅದನ್ನು ಕಂಡ ದಿನ ಅವನು ಮೈಕ್ರೋಸ್ಕೋಪಿನ ಮುಂದಿನಿಂದ ಎದ್ದು, ಬಾಗಿಲು ಹಾಕಿಕೊಂಡು, ಒಬ್ಬನೇ ನಕ್ಕಿದ್ದ. ಹೆಸರಿಡುವುದಕ್ಕೆ ಯೋಚಿಸಬೇಕಾಗಿರಲಿಲ್ಲ. ತಂದೆ ತೀರಿಕೊಂಡ ಮೇಲೆ ಹೊಲಿಗೆಯಂತ್ರದ ತುಳಿಹಲಗೆಯ ಮೇಲೆ ಅವನ ಶಾಲೆಯನ್ನೂ ಕಾಲೇಜನ್ನೂ ಹೊತ್ತವಳ ಹೆಸರಿಗೆ ಲ್ಯಾಟಿನ್ ಬಾಲವೊಂದನ್ನು ಹಚ್ಚಿ ಲೋಕಕ್ಕೆ ಒಪ್ಪಿಸಿದ. ಅವಸರದಲ್ಲಿ ಹಚ್ಚಿದ್ದು ಗಂಡಸಿನ ಹೆಸರಿಗೆ ಹಚ್ಚುವ ಬಾಲವಾಗಿತ್ತು. ಸಭೆಯೊಂದರಲ್ಲಿ ಹಿರಿಯ ವಿದ್ವಾಂಸರೊಬ್ಬರು ಕನ್ನಡಕವನ್ನು ಹಣೆಗೇರಿಸಿ, ತಾವು ಗೌರವಿಸಿರುವ ಈ ಮಹನೀಯರು ಯಾರು ಎಂದು ಕೇಳಿದ್ದರು. ನನ್ನ ಅಕ್ಕ ಎಂದಾಗ ಎದ್ದ ನಗು ಅವನ ಕಿವಿಯಲ್ಲಿ ಇಂದಿಗೂ ಬೆಚ್ಚಗಿತ್ತು. ಲೇಖನ ಬಂದಿದ್ದ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟವಾಯಿತು. ಮನೆಗೆ ಬಂದು ತಲೆ ತಗ್ಗಿಸಿ ಹೇಳಿದರೆ ಅಕ್ಕ ದಾರವನ್ನು ಹಲ್ಲಿನಲ್ಲಿ ಕಡಿದು, "ತಿದ್ದಿದ್ಯಾಕೆ? ಈ ಮನೇಲಿ ಗಂಡಸಿನ ಕೆಲಸ ಮಾಡಿದ್ದು ನಾನೇ ತಾನೆ," ಎಂದಳು. ಅವಳಿಗೆ ಹೆಸರಿನ ಸಂಭ್ರಮ ಅಷ್ಟಾಗಿ ತಟ್ಟಲೇ ಇಲ್ಲ. ಅವಳ ಮನಸ್ಸಿನಲ್ಲಿ ನಿಂತದ್ದು ಬೇರೆ: ಇಡೀ ಪ್ರಪಂಚದಲ್ಲಿ ಅಂಥದ್ದು ಒಂದೇ ಒಂದು ಸಿಕ್ಕಿದೆ ಎಂಬ ಮಾತು. "ಒಂದೇನಾ? ಪಾಪ, ಅದಕ್ಕೆ ಒಂದು ಮನೆ ಅಂತ ಇರೋದಿಲ್ವಾ? ಹುಡುಕು ಮರಿ, ಇರ್ತಾರೆ ಅದರ ಕಡೆಯವ್ರು."

ಅವನು ಹುಡುಕಿದ್ದ. ಚರಂಡಿಯ ಗುಂಟ, ತೋಟಗಳಲ್ಲಿ, ರಜೆಯ ದಿನಗಳಲ್ಲಿ, ಮಂಡಿಯೂರಿ.

ಮ್ಯೂಸಿಯಮ್ಮಿನ ಬಾಗಿಲಲ್ಲಿ ಕಾವಲಿನವನು ಎಂದಿನಂತೆ ಸಂದರ್ಶಕರ ಪಟ್ಟಿಯನ್ನು ಮುಂದೆ ತಳ್ಳಿದ. ಅವನು ಇಲ್ಲಿಂದ ನಿವೃತ್ತಿಯಾದ ಹೊಸತರಲ್ಲಿ ಕಾವಲಿನವನು ಎದ್ದು ನಿಂತು, ನಿಮಗ್ಯಾಕೆ ಸಾರ್ ಇದೆಲ್ಲ ಎನ್ನುತ್ತಿದ್ದ. ಈಗ ಕುಳಿತೇ ತಳ್ಳುತ್ತಿದ್ದ. ‘ಯಾರನ್ನು ಕಾಣಲು’ ಎಂಬ ಜಾಗದಲ್ಲಿ ಶಿಷ್ಯೆಯ ಹೆಸರು ಬರೆಯುವಾಗ ಅವನಿಗೆ ಪ್ರತಿ ಸಲವೂ ಒಂದು ಸಣ್ಣ ಮುಳ್ಳು ಚುಚ್ಚುತ್ತಿತ್ತು. ಇಂದು ಅದೂ ಚುಚ್ಚಲಿಲ್ಲ. ಕೀಟ ವಿಭಾಗದ ಉದ್ದನೆಯ ಓಣಿಯಲ್ಲಿ ನುಸಿಗುಳಿಗೆಯ ವಾಸನೆಯ ನಡುವೆ ನಡೆಯುವಾಗ ಅವನನ್ನು ಕಾಡುತ್ತಿದ್ದದ್ದು ಗುಳ್ಳೆಯಲ್ಲ, ಶಿಷ್ಯೆಯ ಮೌನ. ನಿನ್ನೆ ಆ ಚಿತ್ರ ಪರದೆಗೆ ಬಂದಾಗ ಅವಳು ಅದನ್ನು ಕ್ಷಣಕಾಲ ನಿಲ್ಲಿಸಿ, ಏನೂ ಹೇಳದೆ ಮುಂದಿನ ಚಿತ್ರಕ್ಕೆ ಸರಿದಿದ್ದಳು. ಆ ಮೌನ ಕಾಣದವಳದೋ, ಕಂಡೂ ಮರ್ಯಾದೆಗೆ ಬಾಯಿಮುಚ್ಚಿದವಳದೋ? ಕಾಣದಿದ್ದರೆ ಅವನು ಕಲಿಸಿದ್ದು ವ್ಯರ್ಥ. ಕಂಡಿದ್ದರೆ ಅವನೀಗ ಮರ್ಯಾದೆಗೆ ಪಾತ್ರನಾದ ಮುದುಕ, ಸತ್ಯಕ್ಕೆ ಪಾತ್ರನಲ್ಲ. ಎರಡರಲ್ಲಿ ಯಾವುದು ಹೆಚ್ಚು ನೋಯಿಸುತ್ತದೆಂದು ತೂಗುತ್ತಿರುವಾಗಲೇ, ಮೂರನೆಯ ಯೋಚನೆಯೊಂದು ಕಳ್ಳನಂತೆ ಒಳಹೊಕ್ಕಿತ್ತು: ಸುಮ್ಮನಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಆ ಕುಲದ ಇರುವೆಗಳನ್ನೆಲ್ಲ ಪುನರ್ವಿಮರ್ಶಿಸುವ ಅವಳ ಪುಸ್ತಕ ಅಚ್ಚಾಗುತ್ತದೆ. ಅಕ್ಕನ ಹೆಸರು ಅದರಲ್ಲಿ ನಿಲ್ಲುತ್ತದೆ. ಅಕ್ಕನಿಗೂ ಅವನಿಗೂ ಉಳಿದಿರುವ ಕಾಲಕ್ಕೆ ಅಷ್ಟು ಸಾಕು.

ಶಿಷ್ಯೆ ಈಗ ವಿಭಾಗದ ಮುಖ್ಯಸ್ಥೆ. ಅವನ ಕುರ್ಚಿಯಲ್ಲಿ ಕೂರುವುದನ್ನು ತಪ್ಪಿಸಲೆಂದೇ ಮೇಜನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು, ಆ ಹಳೆಯ ಕುರ್ಚಿಯನ್ನು ಕಿಟಕಿಯ ಬಳಿ ಅವನಿಗಾಗಿ ಇಟ್ಟಿದ್ದಳು. ಅವನು ಕೂತ. ಅವಳು ಪೆಟ್ಟಿಗೆಯನ್ನು ತಂದು ಮುಂದಿಟ್ಟಳು: ಬಿಳಿಯ ಹಾಸಿನ ಮೇಲೆ ಒಂದೇ ಸೂಜಿ, ಸೂಜಿಯಲ್ಲಿ ಚೂಪಾದ ಕಾಗದದ ತ್ರಿಕೋನ, ಅದರ ತುದಿಗೆ ಕಾಲುಗಳ ನಡುವೆ ಗೋಂದಿನಿಂದ ಅಂಟಿ ನಿಂತ ಅಕ್ಕನ ಇರುವೆ, ಕೆಳಗೆ, ಆ ಹೆಸರಿಗೆ ಆಧಾರ ಈ ದೇಹವೇ ಎಂದು ಸಾರುವ ಕೆಂಪು ಚೀಟಿ.

"ನಿನ್ನೆ ನೀನು ಒಂದು ಚಿತ್ರ ನೋಡಿ ಮುಂದಕ್ಕೆ ಹೋದೆ," ಎಂದ ಅವನು.

"ಹೂಂ ಸಾರ್."

"ಗುಳ್ಳೆ ಕಂಡಿತ್ತಾ?"

ಅವಳು ಮೇಜಿನ ಮೇಲಿನ ಚಿಮುಟವನ್ನು ಎತ್ತಿ ಅದೇ ಜಾಗದಲ್ಲಿ ಮತ್ತೆ ಇಟ್ಟಳು. "ಕಂಡಿತ್ತು. ನಿನ್ನೆಯಲ್ಲ, ಫೋಟೋ ತೆಗೆದ ದಿನಾನೇ."

"ಮತ್ತೆ?"

"ಮತ್ತೆ ಏನಿಲ್ಲ ಸಾರ್. ಅದು ಗೋಂದೇ ಅಂತ ಏನು ಗ್ಯಾರಂಟಿ? ನೆನೆಸಿ ನೋಡ್ದೆ ಹೇಳೋಕಾಗಲ್ಲ. ಒಂದೇ ಒಂದು ಇರೋದು, ನೆನೆಸಿದ್ರೆ ಮುರಿದುಹೋಗಬಹುದು, ಅದಕ್ಕೇ ಮುಟ್ಟಿಲ್ಲ ಅಂತ ಬರೆದಿದ್ದೀನಿ. ಅದು ಸುಳ್ಳಲ್ಲ."

"ಸುಳ್ಳಲ್ಲ."

"ಒಂದು ಹೆಸರು ಇದ್ರೆ ಯಾರಿಗೇನು ನಷ್ಟ ಸಾರ್. ಅಮ್ಮ ಹೇಗಿದ್ದಾರೆ?"

ಅಕ್ಕನನ್ನು ಅವಳು ಅಮ್ಮನೆಂದೇ ಕರೆಯುತ್ತಿದ್ದಳು. ವಿದ್ಯಾರ್ಥಿನಿಯಾಗಿದ್ದಾಗ ಅವಳ ಎಲ್ಲ ಅಂಗಿಗಳ ಹರಿದ ಜೇಬುಗಳನ್ನೂ ಅಕ್ಕ ಹೊಲಿದುಕೊಟ್ಟಿದ್ದಳು. ಇದೇ ಕೋಣೆಯಲ್ಲಿ, ಇದೇ ಮೇಜಿನ ಬದಿಯಲ್ಲಿ, ಅವಳು ಇರುವೆಯ ಮೀಸೆಯ ಗೆಣ್ಣುಗಳನ್ನು ಒಂದು ಹೆಚ್ಚಾಗಿ ಎಣಿಸಿದ್ದಕ್ಕೆ ಎಲ್ಲರೆದುರು ಎದ್ದು ನಿಲ್ಲಿಸಿ, ಇಲ್ಲದ್ದನ್ನು ಇದೆ ಅಂತ ಬರೆಯೋರು ಕಥೆ ಬರೆಯಲಿ ಎಂದು ತಾನು ಹೇಳಿದ್ದು ಅವನಿಗೆ ನೆನಪಾಯಿತು. ಎಣಿಕೆ ತಪ್ಪಾಗಿದ್ದದ್ದು ನಿಜ, ಎದ್ದು ನಿಲ್ಲಿಸಬೇಕಾಗಿರಲಿಲ್ಲ. ಈಗ ಅವಳು ಆ ಮಾತನ್ನು ತನಗೆ ತಿರುಗಿಸಿ ಎಸೆಯುತ್ತಾಳೆಂದು ಅವನು ಕಾದ. ಎಸೆದಿದ್ದರೆ ಹಗುರಾಗುತ್ತಿತ್ತು. ಅವಳು ಎಸೆಯಲಿಲ್ಲ, ಕಿಟಕಿಯ ಪರದೆಯನ್ನು ಸರಿಸಿ, ಅವನ ಕಣ್ಣಿಗೆ ಬೀಳುತ್ತಿದ್ದ ಬಿಸಿಲನ್ನು ತಡೆದಳು. ಆ ಪರದೆ ಸರಿದ ಸದ್ದಿನಲ್ಲಿಯೇ ಅವನ ತೀರ್ಮಾನವಾಯಿತು.

"ಬೆಚ್ಚಗಿನ ನೀರು ತಾ," ಎಂದ. "ನಾನೇ ಮಾಡ್ತೀನಿ."

"ಸಾರ್..."

"ಅಂಟಿಸಿದವನೇ ಬಿಡಿಸ್ಲಿ."

ಗಾಜಿನ ಬಟ್ಟಲಿನಲ್ಲಿ ನೀರು ಬಂತು. ಅವನು ಸೂಜಿಯಿಂದ ಕಾಗದದ ತ್ರಿಕೋನವನ್ನು ಕಳಚಿ ನೀರಿನಲ್ಲಿ ತೇಲಿಬಿಟ್ಟು, ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ಮೊದಲಿಗೆ ಏನೂ ಆಗಲಿಲ್ಲ. ಹಾಲೆ ಹಾಗೆಯೇ ಹೊಳೆಯುತ್ತಿತ್ತು, ಗಟ್ಟಿಯಾಗಿ, ತನ್ನ ಮೇಲೆ ಬರೆದ ಪುಟಗಳೆಲ್ಲ ನಿಜವೆಂಬಂತೆ. ಅವನ ಎದೆಯಲ್ಲಿ ನಾಚಿಕೆಗೇಡಿನ ಆಸೆಯೊಂದು ತಲೆಯೆತ್ತಿತು. ಆಮೇಲೆ ಅದರ ಅಂಚು ಹಾಲಿನಂತೆ ಬಿಳಿಚಿತು. ಊದಿಕೊಂಡಿತು. ಒಂದು ಎಳೆ ಬಿಡಿಸಿಕೊಂಡು ನೀರಿನಲ್ಲಿ ಹೊಗೆಯಂತೆ ಕರಗಿತು. ಅವನು ಒಂದೇ ಕೂದಲಿನ ಕುಂಚದಿಂದ, ಮಗುವಿನ ಕಣ್ಣಿನ ಪಿಸುರು ಒರೆಸುವಂತೆ, ನಡುವಿನ ಕೆಳಗೆ ಮೆಲ್ಲನೆ ಸವರಿದ. ಗುಳ್ಳೆ ಕಳಚಿಕೊಂಡಿತು. ಮೇಲೇರಿತು. ನೀರಿನ ಮೈಮೇಲೆ ಒಂದು ಗಳಿಗೆ ನಿಂತು, ಒಡೆಯಿತು.

ಅದರೊಳಗೆ ಇದ್ದದ್ದು ಇರುವೆ ಸಿಕ್ಕ ದಿನದ ಸಂಜೆಯ ಗಾಳಿ ಎಂದು ಅವನಿಗೆ ತಟ್ಟನೆ ಹೊಳೆಯಿತು. ಹೊಲಿಗೆಯಂತ್ರದ ಹಲಗೆಯ ಮೇಲೆ, ಯಂತ್ರದ ದೀಪವನ್ನು ಬಾಗಿಸಿಕೊಂಡು, ಅಕ್ಕ ಬಟ್ಟೆ ಕತ್ತರಿಸುವ ನಮೂನೆಯ ಕಾಗದಗಳನ್ನು ಅಂಟಿಸುತ್ತಿದ್ದ ಸೀಸೆಯ ಗೋಂದನ್ನೇ ತೆಗೆದು ಅವನು ಈ ಇರುವೆಯನ್ನು ನಿಲ್ಲಿಸಿದ್ದ. ಅಕ್ಕ ಅವನ ಹೆಗಲ ಮೇಲಿಂದ ಬಗ್ಗಿ, ಉಸಿರು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದಳು. ಅವಳು ಏನೋ ಅಂದಿದ್ದಳು. ಏನೆಂಬುದು ನೆನಪಾಗಲಿಲ್ಲ. ಅವನಿಗೆ ಎಳೆಯ ವಯಸ್ಸು, ಅವಳಿಗೆ ಪೂರ್ತಿ ಕಣ್ಣು. ಆ ಕೋಣೆಯ ಗಾಳಿ ಇಷ್ಟು ಕಾಲ ಕೆಂಪು ಚೀಟಿಯ ಮೇಲೆ ಕಾದು ಕುಳಿತು, ಈಗ ಮ್ಯೂಸಿಯಮ್ಮಿನ ಗಾಳಿಯೊಳಗೆ ಕಲೆತುಹೋಯಿತು.

ನಡುವಿನ ಕೆಳಗೆ ಏನೂ ಇರಲಿಲ್ಲ. ನುಣುಪಾಗಿ, ಬರಿದಾಗಿ, ಹಿಂದೆಯೇ ಹೆಸರು ಪಡೆದ ಆ ಇನ್ನೊಂದು ಪ್ರಭೇದದ್ದು ಹೇಗಿರುತ್ತದೋ ಹಾಗೆಯೇ ಇತ್ತು. ಕಾಲುಗಳು ಸಡಿಲಗೊಂಡು ನೀರಿನಲ್ಲಿ ಹರಡಿದ್ದವು. ಅಂಟಿನಿಂದ ಬಿಡುಗಡೆಯಾದ ಇರುವೆ ಇನ್ನೇನು ನಡೆದೇಬಿಡುತ್ತದೆಂಬಂತೆ ಕಾಣುತ್ತಿತ್ತು. ಅವನು ಎದ್ದು ಶಿಷ್ಯೆಗೆ ಜಾಗ ಬಿಟ್ಟ. ಅವಳು ನೋಡಿದಳು. ಬಹಳ ಹೊತ್ತು ನೋಡಿದಳು.

"ಬೇರೆ ಯಾವುದಾದ್ರೂ ವ್ಯತ್ಯಾಸ ಇರಬಹುದು ಸಾರ್. ಗೆರೆಗಳಲ್ಲಿ, ಹಲ್ಲಲ್ಲಿ. ಹುಡುಕೋಣ."

"ಹುಡುಕಿದ್ರೆ ಸಿಕ್ಕೇ ಸಿಗುತ್ತೆ," ಎಂದ ಅವನು. "ಅದೇ ಭಯ."

ಆಮೇಲೆ ಅವಳು ಆ ಹಳೆಯ ಪ್ರಭೇದದ ಪೆಟ್ಟಿಗೆಯನ್ನು ತೆಗೆದು, ಸಾಲುಸಾಲಾಗಿ ನಿಂತ ಹಳದಿ ಇರುವೆಗಳ ಪಕ್ಕ ಇದನ್ನಿಟ್ಟು ಮತ್ತೊಮ್ಮೆ ಹೋಲಿಸಿದಳು. ಹೊಸ ತ್ರಿಕೋನದ ತುದಿಗೆ ಗೋಂದು ಮುಟ್ಟಿಸಿ, ಇದ್ದೂ ಇಲ್ಲದಷ್ಟು, ಸಾಕಾ ಸಾರ್ ಎಂದು ಕೇಳಿದಳು. ಸಾಕು, ಎಂದ. ಕೆಂಪು ಚೀಟಿ ಹಾಗೆಯೇ ಉಳಿಯುತ್ತದೆ, ಅದನ್ನು ಯಾರೂ ಕಿತ್ತೆಸೆಯುವುದಿಲ್ಲ. ಪುಸ್ತಕದಲ್ಲಿ ಮೊದಲು ಹುಟ್ಟಿದ ಹೆಸರು ಮೇಲೆ, ಅಕ್ಕನ ಹೆಸರು ಅದರ ಕೆಳಗೆ, ಒಂದಿಷ್ಟು ಒಳಸರಿದು, ಸಣ್ಣ ಅಕ್ಷರದಲ್ಲಿ. ಒಂದೇ ಪ್ರಭೇದಕ್ಕೆ ಎರಡು ಹೆಸರಿದ್ದರೆ ಮೊದಲಿನದೇ ನಿಲ್ಲುತ್ತದೆಂಬುದು ನಿಯಮ. ಆಮೇಲೆ ಬಂದದ್ದನ್ನು ಕಿರಿಯ ಹೆಸರು ಎಂದು ಕರೆಯುತ್ತಾರೆ. ಬದುಕಿನಲ್ಲಿ ಒಂದು ದಿನವೂ ಕಿರಿಯಳಾಗಲು ಬಿಡುವು ಸಿಗದವಳು ಇಂದು ಕಿರಿಯಳಾದಳು.

ಮನೆಗೆ ನಡೆದೇ ಹೊರಟ. ದಾರಿಯುದ್ದಕ್ಕೂ ವಾಕ್ಯಗಳನ್ನು ಕಟ್ಟಿ ಕೆಡವಿದ. ಅಕ್ಕ, ಒಂದು ತಪ್ಪಾಗಿದೆ. ಅಕ್ಕ, ವಿಜ್ಞಾನದಲ್ಲಿ ಹೀಗೆಲ್ಲ ಆಗುತ್ತದೆ. ಎಲ್ಲವೂ ವೈದ್ಯರ ಮಾತಿನಂತೆ ಸುತ್ತುಬಳಸಿ ಹೋಗುತ್ತಿದ್ದವು. ಚರಂಡಿಯ ಬಳಿ ಕೆಲಸದವರು ಎತ್ತಿ ಹಾಕಿದ ಒಂದು ಚಪ್ಪಡಿಕಲ್ಲು ಮಗುಚಿ ಬಿದ್ದಿತ್ತು; ಅದರ ಒದ್ದೆ ಬೆನ್ನಿನ ಮೇಲೆ ಹಳದಿ ಚುಕ್ಕೆಗಳು ಬೆಳಕಿಗೆ ಗಾಬರಿಯಾಗಿ, ಒಂದನ್ನೊಂದು ತಡವಿಕೊಳ್ಳುತ್ತ ಓಡಾಡುತ್ತಿದ್ದವು. ಅವನು ಬಗ್ಗಿದ. ಇವುಗಳನ್ನು ಅವನು ಎಷ್ಟು ಸಲ ಕಂಡಿದ್ದನೋ. ಪ್ರತಿ ಚರಂಡಿಯಲ್ಲಿ, ಪ್ರತಿ ಕಲ್ಲಿನಡಿಯಲ್ಲಿ ಆ ಹಳೆಯ ಪ್ರಭೇದದ ಇವೇ ಸಿಗುತ್ತಿದ್ದವು. ಎತ್ತಿ, ಮಸೂರದಡಿ ಮಗುಚಿ, ನಡುವಿನ ಕೆಳಗೆ ಜೇನುಬಣ್ಣದ ಹಾಲೆಯಿಲ್ಲವೆಂದು ಕಂಡು, ಇವಲ್ಲ ಎಂದು ಮಣ್ಣಿಗೇ ಬಿಡುತ್ತಿದ್ದ. ಕಳೆದುಹೋದವಳನ್ನು ಕೇಳಿಕೊಂಡು ಬಂದ ನೆಂಟರನ್ನೆಲ್ಲ, ನಿಮ್ಮ ಬಳಿ ನನ್ನ ಗೋಂದಿಲ್ಲ ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸಿದಂತೆ.

"ಏನ್ ಯಜಮಾನ್ರೇ, ಏನಾದ್ರೂ ಬಿತ್ತಾ?" ಎಂದ ಗುದ್ದಲಿ ಹಿಡಿದವನು.

"ಇಲ್ಲಪ್ಪ. ಸಿಕ್ತು."

ಅಕ್ಕ ಕಿಟಕಿಯ ಬಳಿ ಕೂತು, ಯಾರದೋ ಪರದೆಯ ಅಂಚನ್ನು ಬೆರಳಿನಿಂದಲೇ ನೋಡುತ್ತ ಹೊಲಿಯುತ್ತಿದ್ದಳು. ಹೆಜ್ಜೆಯ ಸದ್ದಿಗೆ ಮುಖವನ್ನು ಒಂದಿಷ್ಟು ಪಕ್ಕಕ್ಕೆ ತಿರುಗಿಸಿದಳು. ತಮ್ಮನನ್ನು ನೋಡಬೇಕಾದರೆ ಅವಳು ಅವನಿಂದ ಕಣ್ಣು ಸರಿಸಬೇಕಾಗಿತ್ತು.

"ಬಂದ್ಯಾ? ಏನು, ಅದರ ಕಡೆಯವ್ರು ಯಾರಾದ್ರೂ ಸಿಕ್ಕಿದ್ರಾ?"

ಕಟ್ಟಿಕೊಂಡು ಬಂದ ವಾಕ್ಯಗಳಲ್ಲಿ ಒಂದೂ ಬೇಕಾಗಲಿಲ್ಲ.

"ಸಿಕ್ಕಿದ್ರು," ಎಂದ.

ಸೂಜಿ ನಿಂತಿತು. "ನಿಜವಾ? ಎಷ್ಟು ಜನ?"

"ಬೇಕಾದಷ್ಟು. ನಮ್ಮ ಬೀದೀಲೇ ಇದ್ದಾರೆ. ಬರ್ತಾನೇ ಇದ್ರು ಅಕ್ಕ ಅವ್ರು. ನಾನೇ ಗುರುತು ಹಿಡೀಲಿಲ್ಲ."

"ಅದ್ಯಾಕೆ?"

ಅವನು ಹೇಳಿದ. ಅವಳ ಎದುರಿನ ಮಣೆಯ ಮೇಲೆ ಕೂತು, ಹಾಲೆ ಕರಗಿದ್ದನ್ನು, ಗುಳ್ಳೆ ಒಡೆದದ್ದನ್ನು, ಅದರ ಕೆಳಗೆ ಏನೂ ಇರದಿದ್ದದ್ದನ್ನು, ಹೆಸರು ಇನ್ನು ನಿಲ್ಲುವುದಿಲ್ಲವೆಂಬುದನ್ನು. ಹೇಳುವಾಗ ಅವಳ ಮುಖ ನೋಡಲಾಗದೆ ಅವಳ ಕಿವಿಯನ್ನೇ ನೋಡುತ್ತಿದ್ದ. ಅಕ್ಕ ಎಲ್ಲವನ್ನೂ ಕೇಳಿ, ಮುಖ್ಯವಾದದ್ದೊಂದೇ ತನಗೆ ತಿಳಿಯಬೇಕೆಂಬಂತೆ ಕೇಳಿದಳು:

"ಯಾವ ಗೋಂದು? ನನ್ನ ನಮೂನೆ ಅಂಟಿಸೋ ಗೋಂದಾ?"

"ಅದೇ."

"ನಾನು ಆವತ್ತೇ ಹೇಳಿರ್ಲಿಲ್ವಾ? ಇಷ್ಟು ಸಣ್ಣದಕ್ಕೆ ಅಷ್ಟು ಗೋಂದ್ಯಾಕೋ ಅಂತ. ಕೇಳಿಸ್ಕೊಂಡ್ಯಾ ನೀನು? ಉಸಿರು ಬಿಡ್ಬೇಡ, ದೂರ ನಿಲ್ಲು ಅಂತ ನನ್ನೇ ಗದರಿಸ್ದೆ."

ಅವಳು ಅಂದು ಅಂದದ್ದು ಅದೇ. ಈಗ ನೆನಪಾಯಿತು, ದೀಪದ ಬಿಸಿಯ ಸಮೇತ. ಅವನಿಗೆ ನಗು ಬಂತು. ನಗುವಿನ ಹಿಂದೆಯೇ ಬಂದದ್ದನ್ನು ತಡೆಯಲು ಮೇಲೆ ನೋಡಿದ.

"ನಿನ್ನ ಹೆಸರು ಹೋಯ್ತಲ್ಲ ಅಕ್ಕ."

"ಹೋಗ್ಲಿ ಬಿಡು. ಅಷ್ಟು ಸಣ್ಣ ಪ್ರಾಣಿ, ಎಷ್ಟು ದಿನ ಅಂತ ಹೊರುತ್ತೆ ಪಾಪ." ಅವಳು ತಡವಿ ಅವನ ಕೈಯನ್ನು ಹುಡುಕಿ, ಬರಿದಾದ ಸೂಜಿಯನ್ನು ಅದರಲ್ಲಿಟ್ಟಳು. "ಈಗ ಅದು ಅವ್ರ ಜೊತೆ ಇದೆ ತಾನೆ?"

"ಇದೆ."

"ಹಾಗಾದ್ರೆ ಸರಿ. ದಾರ ಹಾಕು, ಈ ಅಂಚು ಮುಗಿಸ್ಬಿಡ್ತೀನಿ."

ಅವನು ಸೂಜಿಯ ಕಣ್ಣನ್ನು ಬೆಳಕಿಗೆ ಹಿಡಿದ. ಅದರೊಳಗೆ ಆಕಾಶದ ಒಂದು ಚೂರು ಬಿಟ್ಟು ಬೇರೇನೂ ಇರಲಿಲ್ಲ. ದಾರ ತೂರಿಸಿ, ತುದಿಗೆ ಗಂಟು ಹಾಕಿ, ಕೊಡುವ ಮುನ್ನ ಒಮ್ಮೆ ನೋಡಿ, ಬಿಚ್ಚಿ, ಮೊದಲಿಗಿಂತ ಸಣ್ಣದಾಗಿ ಮತ್ತೆ ಹಾಕಿದ. ಅಕ್ಕ ಅದನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. ಏನೂ ಅನ್ನದೆ ಹೊಲಿಯತೊಡಗಿದಳು.